ನೀಲಿ ಹರಳು ಕೊಳ್ಳುವ ಮುನ್ನ: ನೀಲ, ಅಯೋಲೈಟ್, ಲ್ಯಾಪಿಸ್, ಫಿರೋಜಾ, ಟಾಂಜಾನೈಟ್ ಇವುಗಳಲ್ಲಿ ಯಾವುದು ಯಾರಿಗೆ?

ನೀಲಿ ಹರಳು ಬೇಕೆಂದು ಅಂಗಡಿಗೆ ಹೋದರೆ ಮೊದಲು ಎದುರಾಗುವ ಪ್ರಶ್ನೆ, "ಯಾರಿಗೆ? ಯಾವ ರಾಶಿ?" ಆನ್‌ಲೈನ್‌ನಲ್ಲಿ ಹುಡುಕಿದರೆ "ಮನಸ್ಸಿಗೆ ಶಾಂತಿ, ಗಂಟಲ ಚಕ್ರಕ್ಕೆ ಶಕ್ತಿ" ಎಂಬ ಸಾಲುಗಳು. ಕಲ್ಲು ಏನು ಮಾಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದು ಯಾವ ಕಲ್ಲು, ಎಲ್ಲಿಂದ ಬಂತು, ಅದರ ಬಣ್ಣ ಭೂಮಿಯೊಳಗೇ ಬಂದದ್ದೋ ಕುಲುಮೆಯಲ್ಲಿ ಬಂದದ್ದೋ ಎಂದು ಹೇಳುವವರು ಕಡಿಮೆ. ನನ್ನ ಪ್ರಕಾರ ಕೇಳಬೇಕಾದ ಕ್ರಮ ಉಲ್ಟಾ. ಮೊದಲು ಕಲ್ಲು ಯಾವುದು ಅಂತ ಗೊತ್ತಾಗಲಿ. ಅದು ಗೊತ್ತಾದ ಮೇಲೆ ಶನಿ, ಚಕ್ರ, ಶಾಂತಿಯ ಮಾತು ಆಡಬಹುದು.

ಇಲ್ಲಿ ಮುಖ್ಯವಾಗಿ ಐದು ಕಲ್ಲುಗಳನ್ನು ಹೋಲಿಸಿದ್ದೇನೆ. ನೀಲದ ಬಗ್ಗೆ ಜಾಸ್ತಿ ಬರೆದಿದ್ದೇನೆ, ಏಕೆಂದರೆ ನಮ್ಮಲ್ಲಿ ದುಡ್ಡು ಹೋಗುವುದೂ ಮೋಸ ಆಗುವುದೂ ಅದರಲ್ಲೇ.

ನೀಲ: ಒಂದೇ ಹೆಸರು, ನೂರು ದರ್ಜೆ

ಇಂದ್ರನೀಲ, ನೀಲಮಣಿ, ನೀಲಂ, ಬ್ಲೂ ಸಫೈರ್ ಎಲ್ಲವೂ ಒಂದೇ. ಖನಿಜದ ಹೆಸರು ಕುರುಂದ. ಅಲ್ಯೂಮಿನಿಯಂ ಮತ್ತು ಆಮ್ಲಜನಕ ಸೇರಿ ಆದ ಹರಳು ಇದು. ಶುದ್ಧ ಕುರುಂದಕ್ಕೆ ಬಣ್ಣವೇ ಇಲ್ಲ. ಅದರೊಳಗೆ ಚೂರೇ ಚೂರು ಕಬ್ಬಿಣ ಮತ್ತು ಟೈಟಾನಿಯಂ ಸೇರಿಕೊಂಡರೆ ನೀಲಿ ಬರುತ್ತದೆ. ಬೆಳಕು ಬಿದ್ದಾಗ ಕಬ್ಬಿಣದ ಪರಮಾಣುವಿನಿಂದ ಟೈಟಾನಿಯಂ ಕಡೆಗೆ ಎಲೆಕ್ಟ್ರಾನ್ ಜಿಗಿಯುತ್ತದೆ. ಆ ಜಿಗಿತಕ್ಕೆ ಹಳದಿ, ಕೆಂಪು ಬೆಳಕು ಖರ್ಚಾಗಿ ನಮ್ಮ ಕಣ್ಣಿಗೆ ನೀಲಿ ಉಳಿಯುತ್ತದೆ.

ಇದೇ ಕುರುಂದಕ್ಕೆ ಕ್ರೋಮಿಯಂ ಸೇರಿದರೆ ಮಾಣಿಕ್ಯ. ಅಂದರೆ ರವಿಯ ಕಲ್ಲೂ ಶನಿಯ ಕಲ್ಲೂ ಒಂದೇ ಖನಿಜ. ಪುರಾಣದಲ್ಲಿ ಅವರಿಬ್ಬರು ಅಪ್ಪ ಮಗ, ಇಬ್ಬರಿಗೂ ಆಗಿಬರುವುದಿಲ್ಲ. ಎರಡೂ ಕಲ್ಲನ್ನು ಒಟ್ಟಿಗೆ ಹಾಕಬೇಡಿ ಎಂದು ಜೋಯಿಸರು ಹೇಳುವುದು ಅದಕ್ಕೇ. ಭೂವಿಜ್ಞಾನಕ್ಕೆ ಈ ಜಗಳ ಗೊತ್ತಿಲ್ಲದಿದ್ದರೂ ರಕ್ತಸಂಬಂಧ ಮಾತ್ರ ಅದೂ ಒಪ್ಪುತ್ತದೆ!

ಗಡಸುತನದ ಮಾಪನದಲ್ಲಿ ಕುರುಂದಕ್ಕೆ 9, ವಜ್ರಕ್ಕೆ 10. ಈ ಸಂಖ್ಯೆ ಸುಮ್ನೆ ಅಲಂಕಾರಕ್ಕಲ್ಲ. ಮನೆಯ ದೂಳಿನಲ್ಲಿ ಬೆಣಚುಕಲ್ಲಿನ ಸಣ್ಣ ಕಣಗಳು ಇರುತ್ತವೆ, ಅವುಗಳ ಗಡಸು 7. ಅದಕ್ಕಿಂತ ಮೆತ್ತಗಿನ ಯಾವ ಕಲ್ಲನ್ನಾದರೂ ದಿನಾ ಉಂಗುರದಲ್ಲಿ ತೊಟ್ಟರೆ ಕೆಲವೇ ವರ್ಷದಲ್ಲಿ ಹೊಳಪು ಮಾಸುತ್ತದೆ. ಮುಂದೆ ಬರುವ ಕಲ್ಲುಗಳನ್ನು ಅಳೆಯುವಾಗ ಈ 7 ನೆನಪಿರಲಿ.

ಊರಿನ ಹೆಸರಿಗೂ ಬೆಲೆ ಇದೆ. ಕಾಶ್ಮೀರದ ನೀಲ ಎಲ್ಲಕ್ಕಿಂತ ಮೇಲು. 1880ರ ದಶಕದ ಆರಂಭದಲ್ಲಿ ಪಾಡರ್ ಕಣಿವೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ ಗುಡ್ಡ ಕುಸಿದು ಈ ಕಲ್ಲುಗಳು ಹೊರಬಂದವು. ಶುರುವಿನಲ್ಲಿ ಬೆಲೆ ಗೊತ್ತಿಲ್ಲದ ಜನ ಉಪ್ಪಿಗೆ ಬದಲಾಗಿ ಕೊಟ್ಟರಂತೆ. ವಿಷಯ ತಿಳಿದ ಮೇಲೆ ಮಹಾರಾಜರು ಕಾವಲು ಹಾಕಿದರು. ಆದರೆ 1887ರ ಹೊತ್ತಿಗೆ ಮುಖ್ಯ ಗಣಿ ಹೆಚ್ಚುಕಮ್ಮಿ ಬರಿದಾಗಿತ್ತು. ಆ ಕಲ್ಲಿನೊಳಗೆ ತೀರಾ ಸಣ್ಣ ಕಣಗಳು ಬೆಳಕನ್ನು ಚದುರಿಸುವುದರಿಂದ ನೀಲಿ ಬಣ್ಣ ಮಖಮಲ್ಲಿನ ಹಾಗೆ ಮೆದುವಾಗಿ ಕಾಣುತ್ತದೆ. 2015ರಲ್ಲಿ ಹಾಂಗ್‌ಕಾಂಗ್‌ನ ಹರಾಜಿನಲ್ಲಿ 27.68 ಕ್ಯಾರಟ್‌ನ ಒಂದು ಕಾಶ್ಮೀರಿ ನೀಲ ಸುಮಾರು 67 ಲಕ್ಷ ಡಾಲರ್‌ಗೆ ಹೋಯಿತು. ಹಾಗಾಗಿ ಪೇಟೆ ಬೀದಿಯ ಅಂಗಡಿಯಲ್ಲಿ ಯಾರಾದರೂ "ಕಾಶ್ಮೀರಿ ನೀಲಂ, ಇಪ್ಪತ್ತು ಸಾವಿರಕ್ಕೆ ಕೊಡ್ತೀನಿ" ಎಂದರೆ ನಗುತ್ತಾ ಹೊರಗೆ ಬನ್ನಿ.

ನಮ್ಮಂಥವರ ಕೈಗೆ ಸಿಗುವ ಒಳ್ಳೆಯ ನೀಲ ಎಂದರೆ ಸಿಲೋನಿನದು. ಶ್ರೀಲಂಕಾದ ರತ್ನಪುರದ ಸುತ್ತ ಗದ್ದೆ, ಹೊಳೆ ದಂಡೆಗಳಲ್ಲಿ ಗುಂಡಿ ತೋಡಿ, ಇಲ್ಲಂ ಎಂಬ ಜಲ್ಲಿ ಪದರವನ್ನು ಎತ್ತಿ, ಬುಟ್ಟಿಯಲ್ಲಿ ತೊಳೆದು ಹರಳು ಆರಿಸುತ್ತಾರೆ. ಮೂಲ ಬಂಡೆ ಬೆಟ್ಟದಲ್ಲಿ ಕರಗಿ ಹೋಗಿ, ಗಟ್ಟಿಯಾದ ಕುರುಂದ ಮಾತ್ರ ನೀರಿನ ಜೊತೆ ಉರುಳಿ ಕೆಳಗೆ ಬಂದು ಕೂತಿರುತ್ತದೆ. ಬಣ್ಣ ತಿಳಿನೀಲಿಯಿಂದ ನಡುನೀಲಿ, ಒಳಗೆ ಬೆಳಕು ಚೆನ್ನಾಗಿ ಆಡುತ್ತದೆ. ಇನ್ನು "ಬ್ಯಾಂಕಾಕ್ ನೀಲಂ" ಎಂಬುದನ್ನು ಊರಿನ ಹೆಸರು ಅಂದುಕೊಳ್ಳಬೇಡಿ. ಥಾಯ್ಲೆಂಡಿನಲ್ಲಿ ಗಣಿಗಳಿದ್ದದ್ದು ನಿಜ. ಆದರೆ ಇವತ್ತು ಆ ಹೆಸರಿನಲ್ಲಿ ಬರುವ ಎಷ್ಟೋ ಕಲ್ಲುಗಳು ಆಸ್ಟ್ರೇಲಿಯಾ, ಮಡಗಾಸ್ಕರ್, ಆಫ್ರಿಕಾದಿಂದ ಹೊರಟು ಅಲ್ಲಿ ಬರೀ ಕಾಯಿಸಿ ಸಾಣೆ ಹಿಡಿಸಿಕೊಂಡು ಬಂದವು. ಜ್ವಾಲಾಮುಖಿಯ ಕಪ್ಪು ಬಸಾಲ್ಟ್ ಜೊತೆ ಮೇಲೆ ಬಂದ ಕುರುಂದದಲ್ಲಿ ಕಬ್ಬಿಣ ಜಾಸ್ತಿ, ಹಾಗಾಗಿ ನೀಲಿ ಕಪ್ಪಿಗೆ ತಿರುಗುತ್ತದೆ. ಬೆಲೆಯೂ ಕಡಿಮೆ.

ನಮ್ಮ ಮೈಸೂರು ಸೀಮೆಯಲ್ಲೂ ಕುರುಂದ ಇದೆ. ಅದು ಹೆಚ್ಚಾಗಿ ಬೆಳಕು ದಾಟದ ಮಂದ ಕೆಂಪಿನದು, ಕೆಲವು ನಕ್ಷತ್ರ ಮಾಣಿಕ್ಯಗಳಾಗುತ್ತವೆ ಅಷ್ಟೆ. "ಲೋಕಲ್ ನೀಲ" ಎಂಬ ಮಾತನ್ನು ನಂಬಬೇಡಿ.

ಬಿಸಿ ಮಾಡಿದ್ದೋ, ಮಾಡದ್ದೋ?

ನೀಲ ಕೊಳ್ಳುವವರು ಬಣ್ಣಕ್ಕಿಂತ ಮೊದಲು ಕೇಳಬೇಕಾದದ್ದು ಇದು. ಶ್ರೀಲಂಕಾದಲ್ಲಿ ಗ್ಯೂಡಾ ಎಂಬ ಹಾಲು ಬಣ್ಣದ ಕುರುಂದ ಸಿಗುತ್ತದೆ. ಮೊದಲು ಅದಕ್ಕೆ ಬೆಲೆಯೇ ಇರಲಿಲ್ಲ. 1970ರ ದಶಕದಲ್ಲಿ ಥಾಯ್ ವ್ಯಾಪಾರಿಗಳು ಅದನ್ನು ಕೊಂಡು ಕುಲುಮೆಯಲ್ಲಿ 1,500 ಡಿಗ್ರಿಗಿಂತ ಹೆಚ್ಚು ಕಾಯಿಸಿದರು. ಹಾಲುಬಣ್ಣಕ್ಕೆ ಕಾರಣವಾದ ರೂಟೈಲ್ ಎಂಬ ಟೈಟಾನಿಯಂ ಖನಿಜದ ಎಳೆಗಳು ಕರಗಿ, ಅದರ ಟೈಟಾನಿಯಂ ಹರಳಿನೊಳಗೆ ಸೇರಿ, ಅಚ್ಚ ನೀಲಿ ಬಂತು. ಅಂದಿನಿಂದ ಮಾರುಕಟ್ಟೆಗೆ ಬರುವ ನೀಲದಲ್ಲಿ ಬಹುಪಾಲು ಬಿಸಿ ಮಾಡಿದ್ದೇ. ಈ ಬಣ್ಣ ಶಾಶ್ವತ, ಹಿಂದೆ ಹೋಗುವುದಿಲ್ಲ. ವ್ಯಾಪಾರದಲ್ಲಿ ಇದನ್ನು ಮೋಸ ಎಂದು ಎಣಿಸುವುದೂ ಇಲ್ಲ. ಆದರೆ ಹೇಳಿ ಮಾರಬೇಕು. ಬಿಸಿ ಮಾಡದ, ಅದೇ ಬಣ್ಣದ ಕಲ್ಲಿಗೆ ಬೆಲೆ ಎಷ್ಟೋ ಪಟ್ಟು ಹೆಚ್ಚು.

ಶಾಸ್ತ್ರಕ್ಕಾಗಿ ಕೊಳ್ಳುವವರಿಗೆ ಇಲ್ಲೊಂದು ತಮಾಷೆಯ ಸಂಗತಿ ಇದೆ. ಗರುಡ ಪುರಾಣದ ರತ್ನಪರೀಕ್ಷೆಯ ಭಾಗದಲ್ಲಿ ಇಂದ್ರನೀಲಕ್ಕೇ ಒಂದು ಅಧ್ಯಾಯ ಇದೆ. ಪರೀಕ್ಷೆಗಾಗಲಿ, ಗುಣ ಹೆಚ್ಚಿಸುವುದಕ್ಕಾಗಲಿ ಈ ಮಣಿಯನ್ನು ಬೆಂಕಿಗೆ ಹಾಕಬಾರದು, ಹಾಕಿದರೆ ಇಟ್ಟುಕೊಂಡವನಿಗೂ ಮಾಡಿದವನಿಗೂ ಮಾಡಿಸಿದವನಿಗೂ ಕೇಡು ಎಂದು ಅಲ್ಲಿ ಹೇಳಿದೆ. ಅಂದರೆ ಬಿಸಿ ಮಾಡಿ ಬಣ್ಣ ಏರಿಸುವ ಆಸೆ ಆಗಲೂ ಇತ್ತು ಅಂತಾಯ್ತು, ಅಲ್ವಾ? ಈಗ ಶಾಸ್ತ್ರದ ಹೆಸರಿನಲ್ಲಿ ಐದು ಕ್ಯಾರಟ್‌ನ ದೊಡ್ಡ ಬಿಸಿ ನೀಲವನ್ನು ಮಾರುವ ಅಂಗಡಿಯಲ್ಲಿ ಈ ಮಾತು ಯಾರೂ ಎತ್ತುವುದಿಲ್ಲ. ಶಾಸ್ತ್ರವನ್ನೇ ನಂಬಿ ಕೊಳ್ಳುವವರಾದರೆ ದೊಡ್ಡ ಬಿಸಿ ಕಲ್ಲಿಗಿಂತ ಚಿಕ್ಕದಾದರೂ ಬೆಂಕಿ ತಾಕದ ಕಲ್ಲು ಕೊಳ್ಳಿ.

ಬಿಸಿ ಮಾಡುವುದಕ್ಕಿಂತ ಕೆಟ್ಟ ಕೆಲಸಗಳೂ ಇವೆ. ಹೊರಗಿನಿಂದ ಟೈಟಾನಿಯಂ ಅಥವಾ ಬೆರಿಲಿಯಂ ಇಳಿಸಿ ಬಣ್ಣ ಕಟ್ಟುವುದು ಒಂದು. ಟೈಟಾನಿಯಂ ಇಳಿಸಿದ ಕಲ್ಲಿನಲ್ಲಿ ನೀಲಿ ಬರೀ ಹೊರ ಪದರದಲ್ಲಿ ಇರುತ್ತದೆ, ಮತ್ತೆ ಸಾಣೆ ಹಿಡಿದರೆ ಹೋಗಬಹುದು. ಇನ್ನೊಂದು, ಬಿರುಕು ತುಂಬಿದ ಕೀಳು ಕುರುಂದಕ್ಕೆ ಕೋಬಾಲ್ಟ್ ಬಣ್ಣದ ಸೀಸದ ಗಾಜು ತುಂಬುವುದು. ನೋಡಲು ಸೊಗಸು. ಆದರೆ ಅಕ್ಕಸಾಲಿಯ ಊದುಬೆಂಕಿ ಇರಲಿ, ನಿಂಬೆರಸ ತಾಕಿದರೂ ಆ ಗಾಜು ಕೊರೆದು ಹೋಗುತ್ತದೆ. ಇದು ಯಾವ ಬೆಲೆಗೂ ಬೇಡ.

ಪ್ರಯೋಗಾಲಯದಲ್ಲಿ ಬೆಳೆಸಿದ ನೀಲದ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಫ್ರಾನ್ಸಿನ ಒಗ್ಯುಸ್ತ್ ವೆರ್ನೂಯ್ ಉರಿಯಲ್ಲಿ ಪುಡಿ ಕರಗಿಸಿ ಹರಳು ಬೆಳೆಸುವ ವಿಧಾನವನ್ನು 1902ರಲ್ಲಿ ಪ್ರಕಟಿಸಿದ, ಮೊದಲು ಮಾಣಿಕ್ಯ, ಕೆಲವೇ ವರ್ಷದಲ್ಲಿ ನೀಲ. ರಾಸಾಯನಿಕವಾಗಿ ಅದೂ ಕುರುಂದವೇ, ಗಡಸು ಅದೇ 9. ಸೂಕ್ಷ್ಮದರ್ಶಕದಲ್ಲಿ ಬಾಗಿದ ಗೆರೆಗಳು ಕಂಡರೆ ಅದು ವೆರ್ನೂಯ್ ಕಲ್ಲು. ಭೂಮಿಯಲ್ಲಿ ಬೆಳೆದದ್ದರ ಗೆರೆಗಳು ನೇರ ಇರುತ್ತವೆ. ಬರೀ ಅಂದಕ್ಕೆ, ಕಿವಿಯೋಲೆಗೆ, ದಿನಬಳಕೆಯ ಉಂಗುರಕ್ಕೆ ಇದಕ್ಕಿಂತ ಲಾಭದ ಕೊಳ್ಳುವಿಕೆ ಇಲ್ಲ. ಸಹಜ ನೀಲದ ಬೆಲೆಗೆ ಇದನ್ನು ಕೊಟ್ಟರೆ ಮಾತ್ರ ಮೋಸ.

ಇದರಿಂದ ಹುಟ್ಟುವ ಇನ್ನೊಂದು ಗೊಂದಲ: ಜೋಯಿಸರು "ದೋಷವಿಲ್ಲದ ಕಲ್ಲು ತನ್ನಿ" ಎನ್ನುತ್ತಾರೆ. ರತ್ನ ಪರೀಕ್ಷಕರು ಒಳಗೆ ಏನೂ ಇಲ್ಲದ, ಅಗ್ಗದ, ದೊಡ್ಡ ಕಲ್ಲು ಕಂಡರೆ ಮೊದಲು ಅನುಮಾನಿಸುತ್ತಾರೆ. ರೂಟೈಲ್‌ನ ರೇಷ್ಮೆ ಎಳೆಗಳು ಕರಗದೆ ಹಾಗೇ ಇದ್ದರೆ ಕಲ್ಲು ಜೋರು ಬೆಂಕಿ ಕಂಡಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಆ ಎಳೆಗಳು ಮೂರು ದಿಕ್ಕಿಗೆ ಒತ್ತಾಗಿ ಸಾಲುಗಟ್ಟಿದ್ದರೆ ಕಲ್ಲಿನ ಮೇಲೆ ಆರು ಕಾಲಿನ ನಕ್ಷತ್ರ ಮೂಡುತ್ತದೆ. ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿರುವ 563 ಕ್ಯಾರಟ್‌ನ ಸ್ಟಾರ್ ಆಫ್ ಇಂಡಿಯಾ ಅಂಥದ್ದು. ಹೆಸರು ಇಂಡಿಯಾ, ಕಲ್ಲು ಸಿಲೋನಿನದು. 1964ರಲ್ಲಿ ಕಳುವಾಗಿ ಮತ್ತೆ ಸಿಕ್ಕಿತು.

ನೀಲದ ಭಯ, ನೀಲದ ಮರ್ಯಾದೆ

ಬಲಾಸುರನ ಕಥೆ ಕೇಳಿರಬಹುದು. ದೇವತೆಗಳ ಯಜ್ಞದಲ್ಲಿ ಅವನ ದೇಹ ಚೂರಾಗಿ, ಒಂದೊಂದು ಭಾಗ ಒಂದೊಂದು ರತ್ನವಾಯಿತು. ಕಣ್ಣುಗಳು ಬಿದ್ದಲ್ಲಿ ಇಂದ್ರನೀಲ ಹುಟ್ಟಿತು. ಬಿದ್ದದ್ದು ಎಲ್ಲಿ? ಸಿಂಹಳ ದೇಶದಲ್ಲಿ. ಗರುಡ ಪುರಾಣದ ಕಥೆಗಾರನಿಗೆ ಕಲ್ಲಿನ ವಿಳಾಸ ಸರಿಯಾಗಿ ಗೊತ್ತಿತ್ತು.

ನಮ್ಮಲ್ಲಿ ನೀಲ ಎಂದರೆ ಮೊದಲು ಭಯ. ಆಗಿಬಂದರೆ ಎತ್ತಿಬಿಡುತ್ತದೆ, ಆಗಿಬರದಿದ್ದರೆ ಮುಗಿಸಿಬಿಡುತ್ತದೆ ಎಂಬ ಮಾತು ಊರೂರಲ್ಲೂ ಇದೆ. ಶನಿ ಮಹಾತ್ಮೆಯಲ್ಲಿ ವಿಕ್ರಮ ರಾಜ ಪಟ್ಟ ಪಾಡು ಕೇಳಿ ಬೆಳೆದವರಿಗೆ ಈ ಭಯ ಸಹಜ. ಅದಕ್ಕೇ ಕಲ್ಲನ್ನು ನೀಲಿ ಬಟ್ಟೆಯಲ್ಲಿ ಸುತ್ತಿ ಮೂರು ರಾತ್ರಿ ದಿಂಬಿನ ಕೆಳಗಿಟ್ಟು, ಕೆಟ್ಟ ಕನಸು ಬಿದ್ದರೆ ವಾಪಸ್ ಕೊಡುವ ಪದ್ಧತಿ. ವಿಚಿತ್ರ ಎಂದರೆ ಒಂಟಿ ನೀಲಕ್ಕೆ ಹೆದರುವವರು ನವರತ್ನದ ಉಂಗುರವನ್ನು ನಿಶ್ಚಿಂತೆಯಿಂದ ತೊಡುತ್ತಾರೆ, ಅದರಲ್ಲೂ ಒಂದು ನೀಲ ಇದ್ದೇ ಇರುತ್ತದೆ. ನೀವು ಈ ಪದ್ಧತಿ ಪಾಲಿಸುವವರಾದರೆ ವಾಪಸ್ ತೆಗೆದುಕೊಳ್ಳುವ ಷರತ್ತನ್ನು ದುಡ್ಡು ಕೊಡುವ ಮೊದಲೇ ಬರೆಸಿಕೊಳ್ಳಿ. ಕನಸಿನ ಕಾರಣಕ್ಕೆ ಹಣ ಹಿಂದಿರುಗಿಸುವ ಅಂಗಡಿ ಎಲ್ಲ ಕಡೆ ಇರುವುದಿಲ್ಲ.

ಯುರೋಪಿನಲ್ಲಿ ಇದೇ ಕಲ್ಲಿಗೆ ಪೂರ್ತಿ ಬೇರೆ ಸ್ವಭಾವ ಅಂಟಿಸಿದರು. ಮಧ್ಯಯುಗದಲ್ಲಿ ಬಿಷಪ್‌ಗಳು ನೀಲದ ಉಂಗುರ ತೊಡುತ್ತಿದ್ದರು, ಸ್ವರ್ಗದ ಬಣ್ಣ ಎಂದು. ಕಣ್ಣಿನ ಬೇನೆಗೆ ನೀಲ ಒಳ್ಳೆಯದು ಎಂಬ ನಂಬಿಕೆಯೂ ಇತ್ತು. ಲಂಡನ್ನಿನ ಹಳೆಯ ಸೇಂಟ್ ಪಾಲ್ ಚರ್ಚಿಗೆ ರಿಚರ್ಡ್ ಡಿ ಪ್ರೆಸ್ಟನ್ ಎಂಬ ದಿನಸಿ ವ್ಯಾಪಾರಿ, ಕಣ್ಣು ನೋವಿನವರಿಗೆ ಉಪಯೋಗವಾಗಲಿ ಎಂದು ಒಂದು ನೀಲವನ್ನೇ ಕೊಟ್ಟಿದ್ದ. ನಮ್ಮಲ್ಲಿ ಕಣ್ಣಿನಿಂದ ಹುಟ್ಟಿದ ಕಲ್ಲು, ಅಲ್ಲಿ ಕಣ್ಣಿಗೆ ಮದ್ದು. 1981ರಲ್ಲಿ ಬ್ರಿಟನ್ನಿನ ಡಯಾನಾ ನಿಶ್ಚಿತಾರ್ಥಕ್ಕೆ ತೊಟ್ಟದ್ದು 12 ಕ್ಯಾರಟ್‌ನ ಸಿಲೋನ್ ನೀಲ, 2010ರಲ್ಲಿ ಅದೇ ಉಂಗುರ ಸೊಸೆಯ ಕೈ ಸೇರಿತು. ಅಲ್ಲಿ ಅದು ನಿಷ್ಠೆಯ ಗುರುತು. ನಮ್ಮ ಕಡೆ ನಿಶ್ಚಿತಾರ್ಥಕ್ಕೆ ನೀಲದ ಉಂಗುರ ತಂದರೆ ಹುಡುಗಿಯ ಅಜ್ಜಿ ಏನು ಹೇಳಬಹುದು, ನೀವೇ ಊಹಿಸಿಕೊಳ್ಳಿ.

ಹಾಲಿನ ಪರೀಕ್ಷೆಯೂ ಹಳೆಯದೇ. ತನ್ನ ನೂರು ಪಟ್ಟು ಹಾಲಿನಲ್ಲಿ ಇಟ್ಟಾಗ ಹಾಲನ್ನೆಲ್ಲ ನೀಲಿಯಾಗಿ ತೋರಿಸುವುದು ಮಹಾನೀಲ ಎಂದು ಪುರಾಣದಲ್ಲಿದೆ. ಈಗಲೂ ಕೆಲವು ಅಂಗಡಿಗಳಲ್ಲಿ ಬಟ್ಟಲು ತಂದು ತೋರಿಸುತ್ತಾರೆ. ಗಾಢ ನೀಲಿ ಗಾಜಿನ ಚೂರನ್ನು ಹಾಕಿದರೂ ಹಾಲಿಗೆ ನೀಲಿ ಛಾಯೆ ಬರುತ್ತದೆ. ಬಣ್ಣದ ಗಾಢತೆಯನ್ನು ಅದು ಹೇಳೀತು, ಕಲ್ಲಿನ ಜಾತಿಯನ್ನಲ್ಲ.

ಅಯೋಲೈಟ್: ಬಡವರ ನೀಲ, ಆದರೆ ಪ್ರಾಮಾಣಿಕ

ಬಜೆಟ್ ಕಡಿಮೆ ಎಂದರೆ ಅಂಗಡಿಯವರು "ನೀಲಿ" ಎಂಬ ಹೆಸರಿನಲ್ಲಿ ತೋರಿಸುವ ಉಪರತ್ನ ಇದು. ಖನಿಜದ ಹೆಸರು ಕಾರ್ಡಿಯರೈಟ್. ಜೇಡಿಯಂಥ ಕೆಸರು ಬಂಡೆಗಳು ಭೂಮಿಯೊಳಗೆ ಬೆಂದು ರೂಪ ಬದಲಿಸಿದಾಗ ಹುಟ್ಟುತ್ತದೆ. ತಮಿಳುನಾಡು, ಒಡಿಶಾದಲ್ಲಿ ಸಿಗುತ್ತದೆ. ಗಡಸು 7ರಿಂದ 7.5.

ಇದರ ಚೆಂದ ಕೈಯಲ್ಲಿ ತಿರುಗಿಸಿದಾಗ ಗೊತ್ತಾಗುತ್ತದೆ. ಒಂದು ಕಡೆಯಿಂದ ನೇರಳೆ ನೀಲಿ, ಇನ್ನೊಂದು ಕಡೆಯಿಂದ ತಿಳಿ ನೀಲಿ, ಮತ್ತೊಂದು ಕಡೆಯಿಂದ ಬಣ್ಣವೇ ಇಲ್ಲದ ಹಾಗೆ ಅಥವಾ ಜೇನಿನ ಛಾಯೆ. ನೀಲದಲ್ಲಿ ಇಷ್ಟು ದೊಡ್ಡ ಬದಲಾವಣೆ ಇರುವುದಿಲ್ಲ. ಹಾಗಾಗಿ "ನೀಲ" ಎಂದು ಕೊಟ್ಟ ಕಲ್ಲು ತಿರುಗಿಸಿದಾಗ ಬಿಳಿಚಿಕೊಂಡರೆ ಅದು ಅಯೋಲೈಟ್ ಇರಬಹುದು. ಈ ಗುಣವನ್ನೇ ಹಿಡಿದು 1967ರಲ್ಲಿ ಡೆನ್ಮಾರ್ಕಿನ ಪುರಾತತ್ವಜ್ಞ ಥಾರ್ಕಿಲ್ಡ್ ರಾಮ್‌ಸ್ಕೌ, ವೈಕಿಂಗ್ ನಾವಿಕರು ಮೋಡದ ದಿನ ಸೂರ್ಯನ ದಿಕ್ಕು ಹುಡುಕಲು ಇಂಥ ಹರಳು ಬಳಸಿರಬಹುದು ಎಂದ. ಅದು ಊಹೆಯಾಗಿಯೇ ಉಳಿದಿದೆ. ಆದರೆ ಅಯೋಲೈಟ್ ಮಾರುವ ಜಾಲತಾಣಗಳಲ್ಲಿ "ದಾರಿ ತೋರುವ ಕಲ್ಲು" ಎಂಬ ಮಹಿಮೆ ಬಂದದ್ದು ಅಲ್ಲಿಂದ.

ಇದನ್ನು ಸಾಮಾನ್ಯವಾಗಿ ಬಿಸಿ ಮಾಡುವುದಿಲ್ಲ, ಬಣ್ಣ ಹಾಕುವುದೂ ಇಲ್ಲ. ಬೆಂಕಿ ತಾಕದ ಕಲ್ಲೇ ಬೇಕು, ಆದರೆ ಲಕ್ಷಗಟ್ಟಲೆ ಕೊಡಲು ಆಗದು ಎನ್ನುವವರಿಗೆ ನಾನು ಹೇಳುವುದು ಇದನ್ನೇ. ಒಂದು ಏಟಿಗೆ ಸೀಳುವ ಸಾಧ್ಯತೆ ಇದೆ, ಪಾತ್ರೆ ತೊಳೆಯುವಾಗ ತೆಗೆದಿಡಿ.

ಶನಿಗೆ ಕಟೇಲಾ ಅಂದರೆ ಅಮೆಥಿಸ್ಟ್ ಕೂಡ ಕೊಡುತ್ತಾರೆ. ಅದು ನೇರಳೆ ಬಣ್ಣದ ಬೆಣಚು, ಅಗ್ಗ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ "ಡೆಲ್ಲಿ ಪರ್ಪಲ್ ಸಫೈರ್" ಎಂಬ ಶಾಪಗ್ರಸ್ತ ಕಲ್ಲಿದೆ. 1857ರ ಗಲಾಟೆಯಲ್ಲಿ ಕಾನ್ಪುರದ ಇಂದ್ರನ ಗುಡಿಯಿಂದ ಕದ್ದದ್ದು, ಇಟ್ಟುಕೊಂಡವರನ್ನೆಲ್ಲ ಹಾಳು ಮಾಡಿತು ಎಂದು ಅದರ ಮಾಲೀಕ ಎಡ್ವರ್ಡ್ ಹೆರಾನ್ ಆಲನ್ 1904ರಲ್ಲಿ ಪತ್ರ ಬರೆದಿಟ್ಟ. ಪರೀಕ್ಷೆಗೆ ನಿಂತರೆ ಆ ಸಫೈರ್ ಸಫೈರೇ ಅಲ್ಲ, ಅಮೆಥಿಸ್ಟ್. ಕಥೆಯನ್ನು ಅವನೇ ಕಟ್ಟಿದ ಎಂಬ ಅನುಮಾನವೂ ಇದೆ.

ಲ್ಯಾಪಿಸ್ ಲಾಜುಲಿ: ಚರಿತ್ರೆ ಬೇಕಾದವರಿಗೆ

ಕಥೆಯ ಶ್ರೀಮಂತಿಕೆಯಲ್ಲಿ ನನಗೆ ನೀಲಕ್ಕಿಂತ ಲ್ಯಾಪಿಸ್ ಹೆಚ್ಚು ಇಷ್ಟ. ಇದು ಒಂದೇ ಖನಿಜದ ಹರಳಲ್ಲ, ಬಂಡೆಯ ತುಂಡು. ನೀಲಿ ಭಾಗ ಲಾಜುರೈಟ್, ಬಿಳಿ ಗೆರೆ ಕ್ಯಾಲ್ಸೈಟ್, ಚಿನ್ನದ ಚುಕ್ಕಿಗಳು ಪೈರೈಟ್. ಸುಣ್ಣದ ಕಲ್ಲು ಶಾಖಕ್ಕೆ ಸಿಕ್ಕಿ ಅಮೃತಶಿಲೆಯಾಗುವ ಜಾಗದಲ್ಲಿ ಹುಟ್ಟುತ್ತದೆ. ಇದರ ನೀಲಿಗೆ ಲೋಹವೇ ಬೇಕಿಲ್ಲ. ಮೂರು ಗಂಧಕದ ಪರಮಾಣುಗಳ ಗುಂಪು ಆ ಬಣ್ಣ ಕೊಡುತ್ತದೆ.

ಅಫ್ಘಾನಿಸ್ತಾನದ ಬದಖ್ಶಾನ್ ಪ್ರಾಂತ್ಯದ ಕೊಕ್ಚಾ ಕಣಿವೆಯಲ್ಲಿ ಸರ್-ಇ-ಸಂಗ್ ಗಣಿಗಳಿವೆ. ಸುಮಾರು ಆರು ಸಾವಿರ ವರ್ಷದಿಂದ ಅಲ್ಲಿ ಈ ಕಲ್ಲು ತೆಗೆಯುತ್ತಿದ್ದಾರೆ. ಹಿಂದೆ ಬಂಡೆಗೆ ಬೆಂಕಿ ಹಚ್ಚಿ, ಕಾದ ಮೇಲೆ ತಣ್ಣೀರು ಎರಚಿ ಸೀಳಿಸುತ್ತಿದ್ದರು. ಮೆಸಪೊಟೇಮಿಯಾದ ಊರ್ ನಗರದ ಸಮಾಧಿಗಳಿಗೂ, ಈಜಿಪ್ಟಿನ ತುತಾಂಖಾಮನ್‌ನ ಚಿನ್ನದ ಮುಖವಾಡದ ಹುಬ್ಬಿಗೂ ಹೋದದ್ದು ಅಲ್ಲಿನ ಕಲ್ಲು. ಹರಪ್ಪ ನಾಗರಿಕತೆಯವರು ಶೋರ್ತುಗಾಯ್ ಎಂಬಲ್ಲಿ, ಈ ಗಣಿಗಳಿಗೆ ಹತ್ತಿರವಾಗಿ, ಒಂದು ನೆಲೆಯನ್ನೇ ಮಾಡಿಕೊಂಡಿದ್ದರು. ಅಜಂತಾದ ಚಿತ್ರಗಳ ನೀಲಿಯೂ ಲ್ಯಾಪಿಸ್‌ನದೇ.

ಯುರೋಪಿನ ಚಿತ್ರಕಾರರು ಇದನ್ನು ಅರೆದು ಅಲ್ಟ್ರಾಮರೀನ್ ಬಣ್ಣ ಮಾಡಿ ಮೇರಿ ಮಾತೆಯ ಸೆರಗಿಗೆ ಹಚ್ಚುತ್ತಿದ್ದರು, ಅಷ್ಟು ದುಬಾರಿ. 1820ರ ದಶಕದಲ್ಲಿ ಫ್ರಾನ್ಸಿನ ಜಾನ್ ಬ್ಯಾಪ್ಟಿಸ್ಟ್ ಗಿಮೆ ಅದನ್ನು ಕೃತಕವಾಗಿ ಮಾಡುವುದನ್ನು ಕಂಡುಹಿಡಿದ ಮೇಲೆ ಬೆಲೆ ಬಿದ್ದುಹೋಯಿತು. ನಮ್ಮ ಅಜ್ಜಿಯರು ಬಿಳಿ ಪಂಚೆಗೆ ಹಾಕುತ್ತಿದ್ದ ನೀಲಿ ಪುಡಿ ಇದೇ ಅಲ್ಟ್ರಾಮರೀನ್.

ಕೊಳ್ಳುವವರಿಗೆ ಎಚ್ಚರಿಕೆ: ಗಡಸು 5ರಿಂದ 5.5 ಮಾತ್ರ. ಉಂಗುರಕ್ಕೆ ಬೇಡ, ಪದಕಕ್ಕೆ, ಮಣಿಸರಕ್ಕೆ ಸರಿ. ಬಿಳಿಗೆರೆ ಜಾಸ್ತಿ ಇರುವ ಕಲ್ಲಿಗೆ ಬಣ್ಣ ಹಾಕಿ ಮಾರುವುದು ಮಾಮೂಲು. ಹತ್ತಿಗೆ ಉಗುರುಬಣ್ಣ ತೆಗೆಯುವ ದ್ರವ ಹಾಕಿ ಹಿಂಬದಿ ಉಜ್ಜಿದರೆ ನೀಲಿ ಬಿಟ್ಟೀತು. ಪೈರೈಟ್ ಚುಕ್ಕಿ ಇಲ್ಲದೆ ಸ್ವಲ್ಪ ನೇರಳೆ ಛಾಯೆಯದಾದರೆ ಸೋಡಲೈಟ್ ಎಂಬ ಬೇರೆ ನೀಲಿ ಕಲ್ಲು ಇರಬಹುದು. ಚುಕ್ಕಿಗಳು ಎಲ್ಲಾ ಕಡೆ ಒಂದೇ ಸಮ ಮಿನುಗುತ್ತಿದ್ದರೆ ಅದು ನೀಲಿ ಗೋಲ್ಡ್‌ಸ್ಟೋನ್, ಅಂದರೆ ಗಾಜು. ಇನ್ನೊಂದು ವಿಷಯ: ಈ ಗಣಿಗಳ ಹಣ ಶಸ್ತ್ರಧಾರಿ ಗುಂಪುಗಳಿಗೆ ಹೋಗುತ್ತದೆ ಎಂದು ಗ್ಲೋಬಲ್ ವಿಟ್ನೆಸ್ ಸಂಸ್ಥೆ 2016ರಲ್ಲಿ ವರದಿ ಮಾಡಿತ್ತು. ಆ ಯೋಚನೆ ಕಾಡಿದರೆ ಚಿಲಿ ದೇಶದ ಲ್ಯಾಪಿಸ್ ಇದೆ, ಬಣ್ಣ ಸ್ವಲ್ಪ ಪೇಲವ.

ಫಿರೋಜಾ

ತಾಮ್ರ ಇರುವ ಬಂಡೆಯೊಳಗೆ ಮಳೆನೀರು ಇಳಿದು, ಬಿರುಕುಗಳಲ್ಲಿ ಕಟ್ಟಿದ ಫಾಸ್ಫೇಟ್ ಇದು. ಆಕಾಶ ನೀಲಿ ತಾಮ್ರದ್ದು. ಇರಾನಿನ ನಿಶಾಪುರದ ಕಲ್ಲು ಹೆಸರುವಾಸಿ. ಗಡಸು 5ರಿಂದ 6.

ಯಜಮಾನನಿಗೆ ಕಾಯಿಲೆ ಬಂದರೆ ಫಿರೋಜಾ ಬಣ್ಣ ಕಳೆದುಕೊಳ್ಳುತ್ತದೆ, ಆಪತ್ತನ್ನು ತಾನು ಹೊರುತ್ತದೆ ಎಂಬ ನಂಬಿಕೆ ಪರ್ಷಿಯಾದಿಂದ ಯುರೋಪಿನವರೆಗೂ ಇತ್ತು. ಬಣ್ಣ ಬದಲಾಗುವುದು ನಿಜವೇ. ಈ ಕಲ್ಲಿನಲ್ಲಿ ಸೂಕ್ಷ್ಮ ರಂಧ್ರಗಳಿವೆ, ಬೆವರು, ಎಣ್ಣೆ, ಸೆಂಟು ಎಲ್ಲವನ್ನೂ ಹೀರುತ್ತದೆ. ಜ್ವರದಲ್ಲಿ ಬೆವರಿದವನ ಕಲ್ಲು ಹಸಿರಿಗೆ ತಿರುಗಿದ್ದನ್ನು ನೋಡಿದವರು ಕಥೆ ಕಟ್ಟಿದರು ಅನ್ನಿಸುತ್ತದೆ. ಬೈಲುಕುಪ್ಪೆ, ಮುಂಡಗೋಡಿಗೆ ಹೋದವರು ಟಿಬೆಟಿನ ಹೆಂಗಸರ ಕೊರಳಲ್ಲಿ ಹವಳದ ಜೊತೆ ಫಿರೋಜಾ ನೋಡಿರುತ್ತೀರಿ. ಅವರಿಗೆ ಅದು ರಕ್ಷೆ, ತಲೆಮಾರಿನಿಂದ ಬಂದ ಆಸ್ತಿ. ಅಂಗಡಿಯ ಹೊಸ ಮಾಲಿನಲ್ಲಿ ರಾಳ ತುಂಬಿ ಗಟ್ಟಿ ಮಾಡಿದ್ದೇ ಜಾಸ್ತಿ, ಬಣ್ಣ ಹಚ್ಚಿದ ಹೌಲೈಟ್ ಎಂಬ ಬಿಳಿ ಕಲ್ಲೂ ಬೇಕಾದಷ್ಟಿದೆ.

ಟಾಂಜಾನೈಟ್, ಟೋಪಾಜ್, ಕಯನೈಟ್

ಟಾಂಜಾನೈಟ್ ಸಿಗುವುದು ಜಗತ್ತಿನಲ್ಲಿ ಒಂದೇ ಕಡೆ, ಟಾಂಜಾನಿಯಾದ ಮೆರೆಲಾನಿ ಬೆಟ್ಟಗಳಲ್ಲಿ. 1967ರಲ್ಲಿ ಅದನ್ನು ಮೊದಲು ದಾಖಲಿಸಿದವರಲ್ಲಿ ಮ್ಯಾನುಯೆಲ್ ಡಿಸೋಜಾ ಎಂಬ ಗೋವಾ ಮೂಲದ ದರ್ಜಿ ಒಬ್ಬ. ಮರುವರ್ಷ ಅಮೆರಿಕದ ಒಡವೆ ಕಂಪನಿ ಟಿಫನಿ ಹೆಸರಿಟ್ಟು ಮಾರಿತು. ಕಂದು ಕಲ್ಲನ್ನು ಸುಮಾರು 600 ಡಿಗ್ರಿಗೆ ಕಾಯಿಸಿದರೆ ವನೇಡಿಯಂ ನೀಲಿ ನೇರಳೆ ಕೊಡುತ್ತದೆ. ಮಾರುಕಟ್ಟೆಯ ಹೆಚ್ಚಿನ ಕಲ್ಲು ಹೀಗೇ ಆದದ್ದು. ಸಿಡಿಲಿನ ಬೆಂಕಿಗೆ ಹುಲ್ಲುಗಾವಲು ಉರಿದು ಕಲ್ಲು ನೀಲಿಯಾಯಿತು, ಮಸಾಯಿ ದನಗಾಹಿಗಳು ಕಂಡರು ಎಂಬ ಕಥೆ ಮಾರಾಟಕ್ಕೆ ಚೆನ್ನಾಗಿದೆ. 2020ರಲ್ಲಿ ಸನಿನಿಯು ಲೈಜರ್ ಎಂಬ ಗಣಿಗಾರ 9 ಕಿಲೋ ಮೀರಿದ ಒಂದು, 5 ಕಿಲೋ ಮೀರಿದ ಇನ್ನೊಂದು, ಹೀಗೆ ಎರಡು ಗಟ್ಟಿಗಳನ್ನು ಸರ್ಕಾರಕ್ಕೆ ಮಾರಿ ರಾತ್ರೋರಾತ್ರಿ ಸುದ್ದಿಯಾದ.

1967ಕ್ಕೆ ಮೊದಲು ರತ್ನವಾಗಿ ಯಾರಿಗೂ ಗೊತ್ತಿಲ್ಲದ ಈ ಕಲ್ಲಿಗೂ "ಪ್ರಾಚೀನ ಗುಣಪಡಿಸುವ ಶಕ್ತಿ" ಇದೆಯೆಂದು ಪಟ್ಟಿ ಮಾಡುತ್ತಾರೆ. ಯಾವ ಪ್ರಾಚೀನರು? ಗಡಸು 6ರಿಂದ 7, ಸೀಳುವುದೂ ಬೇಗ. ಓಲೆಗೆ ಅದ್ಭುತ, ದಿನದ ಉಂಗುರಕ್ಕೆ ಬೇಡ.

ನೀಲಿ ಟೋಪಾಜ್ ಬಗ್ಗೆ ಹೇಳುವುದು ಕಡಿಮೆ. ಬಣ್ಣವಿಲ್ಲದ ಟೋಪಾಜ್‌ಗೆ ವಿಕಿರಣ ಹಾಯಿಸಿ, ಕಾಯಿಸಿ ಮಾಡಿದ ನೀಲಿ. ಗಡಸು 8, ಅಗ್ಗ, ಸುರಕ್ಷಿತ, ಸುಂದರ. ಕಥೆ ಇಲ್ಲ.

ಕಯನೈಟ್ ನಮ್ಮ ನೆಲದ್ದು. ಹೊಳೆನರಸೀಪುರದ ಸುತ್ತಿನ ಶಿಸ್ಟ್ ಎಂಬ ಪದರ ಬಂಡೆಗಳಲ್ಲಿ ಇದು ಇದೆ. ಉದ್ದಕ್ಕೆ ಗೀರಿದರೆ ಗಡಸು 4.5, ಅಡ್ಡಕ್ಕೆ ಗೀರಿದರೆ 6.5ರಿಂದ 7, ಅಂಥ ವಿಚಿತ್ರ ಹರಳು. ಕುಲುಮೆಯ ಇಟ್ಟಿಗೆ ಮಾಡಲು ಬಳಸುತ್ತಾರೆ. ಒಡವೆಗೆ ಕಷ್ಟ, ಸಂಗ್ರಹಕ್ಕೆ ಬಲು ಚೆನ್ನ.

ಗುಣಪಡಿಸುತ್ತದೆಯಾ?

ಯಾವ ನೀಲಿ ಕಲ್ಲೂ ರೋಗ ವಾಸಿ ಮಾಡುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. 2001ರಲ್ಲಿ ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನ ಮನಶ್ಶಾಸ್ತ್ರಜ್ಞ ಕ್ರಿಸ್ಟೋಫರ್ ಫ್ರೆಂಚ್ 80 ಜನರ ಕೈಗೆ ಹರಳು ಕೊಟ್ಟು ಧ್ಯಾನ ಮಾಡಿಸಿದರು. ಕೆಲವರಿಗೆ ನಿಜವಾದದ್ದು, ಕೆಲವರಿಗೆ ನಕಲಿ. ಬಿಸಿ, ಜುಮ್ಮೆನ್ನುವಿಕೆ, ನೆಮ್ಮದಿ ಎರಡೂ ಗುಂಪಿಗೂ ಒಂದೇ ಥರ ಬಂತು. ನೆಮ್ಮದಿ ಸುಳ್ಳಲ್ಲ, ಆದರೆ ಅದು ಕಲ್ಲಿನಿಂದ ಬಂದದ್ದಲ್ಲ.

ನೀಲಿ ಎಂದರೆ ವಿಶುದ್ಧ ಚಕ್ರ, ಗಂಟಲು, ಮಾತು ಎನ್ನುವ ಲೆಕ್ಕ ನಮ್ಮ ಋಷಿಗಳದ್ದು ಅಂದುಕೊಂಡವರು ತುಂಬಾ ಜನ. ಚಕ್ರಗಳಿಗೆ ಕಾಮನಬಿಲ್ಲಿನ ಬಣ್ಣ ಸಾಲಾಗಿ ಹಂಚಿದ್ದು 20ನೇ ಶತಮಾನದ ಪಶ್ಚಿಮದ ಪುಸ್ತಕಗಳು. ತಂತ್ರ ಗ್ರಂಥಗಳಲ್ಲಿ ಬಣ್ಣಗಳ ಕ್ರಮ ಬೇರೆಯೇ ಇದೆ. ಈ ಸಂಕೇತಗಳನ್ನು ಸಂಕೇತಗಳಾಗಿ ಇಟ್ಟುಕೊಂಡರೆ ನನ್ನ ತಕರಾರಿಲ್ಲ. ಆದರೆ ಕಲ್ಲನ್ನು ನೆನೆಸಿದ ನೀರು ಕುಡಿಯುವುದು, ಪುಡಿ ನುಂಗುವುದು ಬೇಡ. ಫಿರೋಜಾದಲ್ಲಿ ತಾಮ್ರ ಇದೆ. ಥೈರಾಯ್ಡ್ ಮಾತ್ರೆ ಬಿಟ್ಟು ನೀಲಿ ಪದಕ ಹಾಕಿಕೊಳ್ಳುವವರಂತೂ ಆಗಬೇಡಿ.

ಹಾಗಾದರೆ ಯಾರಿಗೆ ಯಾವುದು

ಸಾಡೇಸಾತಿಗೆಂದು, ಮನೆಯವರ ಸಮಾಧಾನಕ್ಕೆಂದು ಕೊಳ್ಳುವವರು ಪ್ರಮಾಣಪತ್ರ ಇರುವ ಚಿಕ್ಕ ಬಿಸಿ ಮಾಡದ ಸಿಲೋನ್ ನೀಲ, ಇಲ್ಲವಾದರೆ ಅಯೋಲೈಟ್ ನೋಡಿ. ಸಾಲ ಮಾಡಿ ನೀಲ ಕೊಳ್ಳಬೇಡಿ. ಪಾವಗಡದ ಶನಿ ಮಹಾತ್ಮನ ಗುಡಿಯಲ್ಲಿ ಎಳ್ಳೆಣ್ಣೆ ದೀಪ ಹಚ್ಚುವವರೇನು ಕಡಿಮೆ ಭಕ್ತರಾ? ಮದುವೆಯ ಉಂಗುರಕ್ಕೆ, ಬದುಕಿಡೀ ತೊಡುವುದಕ್ಕೆ ಬಿಸಿ ಮಾಡಿದ ಒಳ್ಳೆಯ ನೀಲ ಸಾಕು. ಬರೀ ಬಣ್ಣ ಇಷ್ಟವಾದರೆ ಲ್ಯಾಬ್ ನೀಲ ಅಥವಾ ಟೋಪಾಜ್. ಧ್ಯಾನದ ಹೊತ್ತಿಗೆ ಕೈಯಲ್ಲೊಂದು ಕಲ್ಲು ಇರಲಿ ಎನ್ನುವವರಿಗೆ ಲ್ಯಾಪಿಸ್‌ನ ಒಂದು ನುಣುಪು ತುಂಡು, ಕೆಲವು ನೂರು ರೂಪಾಯಿಗೆ ಆರು ಸಾವಿರ ವರ್ಷದ ನಂಟು ಸಿಕ್ಕಂತೆ. ಹೂಡಿಕೆ ಎಂದು ಮಾತ್ರ ಯಾವುದನ್ನೂ ಕೊಳ್ಳಬೇಡಿ. ಅದೇ ಅಂಗಡಿಗೆ ಮಾರಲು ಹೋದ ದಿನ ಕಾರಣ ಗೊತ್ತಾಗುತ್ತದೆ.

ತೂಕವನ್ನು ಕ್ಯಾರಟ್‌ನಲ್ಲೇ ಕೇಳಿ. ಒಂದು ಕ್ಯಾರಟ್ ಎಂದರೆ 200 ಮಿಲಿಗ್ರಾಂ, ಎಲ್ಲಿ ಹೋದರೂ ಅಷ್ಟೇ. ರತ್ತಿ ಹಾಗಲ್ಲ. ಗುಲಗಂಜಿ ತೂಕದ ಹಳೆಯ ರತ್ತಿ ಸುಮಾರು 0.6 ಕ್ಯಾರಟ್, ಹರಳಿನ ಪೇಟೆಯಲ್ಲಿ ಹಿಡಿಯುವ ರತ್ತಿ ಸುಮಾರು 0.91. ಈ ವ್ಯತ್ಯಾಸದಲ್ಲೇ ಸಾವಿರಾರು ರೂಪಾಯಿ ಹೋಗುತ್ತದೆ.

ಮನೆಗೆ ತಂದ ಮೇಲೆ ಶುದ್ಧಿ ಮಾಡುವಾಗಲೂ ಜೋಪಾನ. ನೀಲಕ್ಕೆ ಹಾಲು, ನೀರು, ಮೆದು ಸೋಪು ಏನೂ ಮಾಡುವುದಿಲ್ಲ. ಲ್ಯಾಪಿಸ್, ಫಿರೋಜಾಗಳನ್ನು ಉಪ್ಪುನೀರು, ನಿಂಬೆ, ಪಂಚಾಮೃತದಲ್ಲಿ ನೆನೆಹಾಕಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಟಾಂಜಾನೈಟನ್ನು ಅಲ್ಟ್ರಾಸಾನಿಕ್ ಯಂತ್ರದಲ್ಲಿ ಹಾಕಲು ಅಕ್ಕಸಾಲಿಗೆ ಬಿಡಬೇಡಿ.

ಬಿಲ್ಲಿನಲ್ಲಿ ನಾಲ್ಕು ವಿಷಯ ಬರೆಸಿ: ಖನಿಜದ ಹೆಸರು, ಸಹಜವೋ ಲ್ಯಾಬ್‌ನದೋ, ಬಿಸಿ ಅಥವಾ ಬೇರೆ ಸಂಸ್ಕಾರ ಆಗಿದೆಯೋ, ಕ್ಯಾರಟ್ ತೂಕ. ದುಬಾರಿ ನೀಲವಾದರೆ ಅಂಗಡಿಯವರೇ ಮುದ್ರಿಸಿದ ಕಾರ್ಡು ಸಾಲದು, ಜೈಪುರದ ಐಐಜಿಜೆ-ಆರ್‌ಎಲ್‌ಸಿ (ಹಿಂದಿನ ಜೆಮ್ ಟೆಸ್ಟಿಂಗ್ ಲ್ಯಾಬೊರೇಟರಿ), ಜಿಐಎ ಥರದ ಹೊರಗಿನ ಲ್ಯಾಬ್‌ನ ವರದಿ ಕೇಳಿ, ವರದಿಯ ಸಂಖ್ಯೆಯನ್ನು ಅವರ ಜಾಲತಾಣದಲ್ಲಿ ನೀವೇ ಹಾಕಿ ನೋಡಿ. "ಇಂಡಿಕೇಷನ್ಸ್ ಆಫ್ ಹೀಟಿಂಗ್" ಎಂಬ ಸಾಲು ಅಲ್ಲಿ ಇದ್ದರೆ, ಅಂಗಡಿಯವರು ಬಾಯಲ್ಲಿ ಏನೇ ಹೇಳಿರಲಿ, ಆ ಕಲ್ಲು ಕುಲುಮೆ ಕಂಡಿದೆ.